ನೀಲಿ ಡ್ರಮ್ಮಿನ ನೀರು

ನಾನು ಆ ತೋಟಕ್ಕೆ ಸೇರಿದ್ದು ಮಣ್ಣಿನ ಮೇಲಿನ ಪ್ರೀತಿಯಿಂದಲ್ಲ, ಸಾಂಬಾರಿನ ವಾಸನೆಯಿಂದ ತಪ್ಪಿಸಿಕೊಳ್ಳಲು. ಮದರಾಸಿನ ತ್ರಿಪ್ಲಿಕೇನಿನಲ್ಲಿ ನಮ್ಮ ಮನೆ ಇದ್ದದ್ದು ನಮ್ಮ ಹೋಟೆಲಿನ ಮಹಡಿಯಲ್ಲಿ. ಬೆಳಗಾದರೆ ಇಂಗಿನ ಒಗ್ಗರಣೆ, ಡಿಕಾಕ್ಷನ್ನಿನ ಹಬೆ ಎಲ್ಲ ಮೆಟ್ಟಿಲು ಹತ್ತಿ ಬಂದು ನನ್ನ ಜಡೆ, ಬಟ್ಟೆ, ಪುಸ್ತಕಗಳಲ್ಲಿ ಕೂತುಬಿಡುತ್ತಿದ್ದವು. ಗಿಂಡಿಯ ಕಡೆಯ ವಿಶ್ವವಿದ್ಯಾಲಯದಲ್ಲಿ ಸಸ್ಯಶಾಸ್ತ್ರದ ಎಂ.ಎಸ್ಸಿ.ಗೆ ಸೇರಿದ ಮೊದಲ ವಾರವೇ ಹಿಂದಿನ ಬೆಂಚಿನವರು ನನಗೆ ಸಾಂಬಾರು ಎಂದು ಹೆಸರಿಟ್ಟರು. ಹಾಸ್ಟೆಲಿನ ಹಿಂದೆ ವಿದ್ಯಾರ್ಥಿಗಳೇ ನಡೆಸುವ ತೋಟವೊಂದಿದೆ ಎಂದು ತಿಳಿದು ನೋಡಲು ಹೋದೆ. ಅಲ್ಲಿ ಸಗಣಿಯ ವಾಸನೆ ಎಲ್ಲರ ಮೈಗೂ ಒಂದೇ ಸಮನೆ ಮೆತ್ತಿಕೊಂಡಿತ್ತು. ಮರುದಿನದಿಂದ ನಾನೂ ಗುದ್ದಲಿ ಹಿಡಿದೆ.

ಹಿಂದೆ ಅದು ಕಟ್ಟಡದ ಕಲ್ಲುಮಣ್ಣು ಸುರಿಯುತ್ತಿದ್ದ ಜಾಗ. ನಾನು ಸೇರುವ ಹೊತ್ತಿಗೆ ಬದನೆ, ಬೆಂಡೆ, ಹರಿವೆ ಬೆಳೆಯುವಷ್ಟು ಹದವಾಗಿತ್ತು. ಕ್ಯಾಂಪಸ್ಸಿನಲ್ಲಿ ಚುಕ್ಕೆ ಜಿಂಕೆಗಳ ಕಾಟವಿದ್ದುದರಿಂದ ಸುತ್ತ ಹಳೆಯ ಮಂಚದ ಕಬ್ಬಿಣ, ಮುಳ್ಳುಕಂಟಿ ಎಲ್ಲ ಸೇರಿಸಿ ಬೇಲಿ ಕಟ್ಟಿದ್ದರು. ವಾರಕ್ಕೊಮ್ಮೆ ಶಾಲೆಯ ಮಕ್ಕಳು ಬಸ್ಸಿನಲ್ಲಿ ಬರುತ್ತಿದ್ದರು. ಅವರಿಗೆ ಎರೆಹುಳು ತೋರಿಸುವುದು, ಗೊಬ್ಬರದ ಗುಂಡಿಯ ಬಿಸಿಗೆ ಕೈ ಒಡ್ಡಿಸುವುದು, ಬೀಜ ಕೊಟ್ಟು ಕಳಿಸುವುದು ನಮ್ಮ ಪಾಲಿನ ಪರಿಸರ ಶಿಕ್ಷಣವಾಗಿತ್ತು. ಇದನ್ನೆಲ್ಲ ಮುಂದೆ ನಿಂತು ನಡೆಸುತ್ತಿದ್ದವಳು ಪಿಎಚ್.ಡಿ. ಮಾಡುತ್ತಿದ್ದ ಒಬ್ಬ ಹುಡುಗಿ. ಬೆಸೆಂಟ್ ನಗರದವಳು, ಮೂರು ತಲೆಮಾರಿನಿಂದ ಮದರಾಸಿನಲ್ಲೇ ನೆಲೆಸಿದ ವೈಷ್ಣವರ ಮನೆಯವಳು. ತಂದೆ ವಕೀಲರು. ಅವಳು ಖಾದಿ ಉಡುತ್ತಿದ್ದಳು, ಬರಿಗಾಲಲ್ಲಿ ನಡೆಯುತ್ತಿದ್ದಳು, ಯಾರ ಮೇಲೂ ದನಿ ಏರಿಸುತ್ತಿರಲಿಲ್ಲ. ಎಲ್ಲರೂ ಅವಳನ್ನು ಅಕ್ಕಾ ಎನ್ನುತ್ತಿದ್ದರು, ನಾನೂ ಹಾಗೇ ಕರೆಯುತ್ತಿದ್ದೆ.

ಆ ತೋಟದಲ್ಲಿ ಒಂದು ಪದ್ಧತಿ ಇತ್ತು. ಪ್ರತಿ ಶನಿವಾರ ಕೆಲಸ ಮುಗಿದ ಮೇಲೆ ಹೊಂಗೆಯ ಮರದಡಿ ಎಲ್ಲರೂ ವೃತ್ತವಾಗಿ ಕೂರಬೇಕು. ಒಬ್ಬೊಬ್ಬರೂ ಸರದಿಯ ಮೇಲೆ ಇನ್ನೊಬ್ಬರ ಒಂದು ದೋಷವನ್ನು ಮುಖ ನೋಡಿ ಹೇಳಬೇಕು. ಹೇಳಿಸಿಕೊಂಡವರು ಎದುರಾಡುವ ಹಾಗಿಲ್ಲ, ಅಳುವ ಹಾಗಿಲ್ಲ, ಕಾರಣ ಕೊಡುವ ಹಾಗಿಲ್ಲ. 'ನಂದ್ರಿ' ಎಂದು ತಮಿಳಿನಲ್ಲಿ ಧನ್ಯವಾದ ಹೇಳಿ ಸುಮ್ಮನಾಗಬೇಕು. ಇದಕ್ಕೆ ನಾವು ಸುತ್ತು ಎನ್ನುತ್ತಿದ್ದೆವು. ಮಣ್ಣು ಸ್ವಚ್ಛವಾಗಬೇಕಾದರೆ ಅದನ್ನು ಮುಟ್ಟುವವರು ಮೊದಲು ಸ್ವಚ್ಛವಾಗಬೇಕು ಎಂಬುದು ಅಕ್ಕನ ವಾದ. ಮದುರೆಯ ಕಡೆಯ ಹುಡುಗನೊಬ್ಬನಿಗೆ, ನಿನ್ನ ನಗು ಸುಳ್ಳು, ಇಲ್ಲಿ ನಿನಗೆ ಯಾರೂ ಸ್ನೇಹಿತರಿಲ್ಲ ಎಂಬ ಭಯದಿಂದ ನಗುತ್ತೀಯ ಎಂದರು. ಅವನು ನಂದ್ರಿ ಎಂದ. ಅದೂ ನಗುತ್ತಲೇ. ಮುಂದಿನ ಶನಿವಾರದಿಂದ ಅವನ ಪತ್ತೆ ಇಲ್ಲ.

ನನಗೆ ಮೊದಲ ಸುತ್ತಿನಲ್ಲಿ ಸಿಕ್ಕಿದ್ದು, ಎಲ್ಲರಿಗೂ ಬಡಿಸಲು ಹೊರಟ ಸಪ್ಲಾಯರ್ ಹಾಗೆ ಆಡುತ್ತೀಯ ಎಂಬ ಮಾತು. ನಂದ್ರಿ ಎಂದೆ. ಅವತ್ತು ಬಸ್ಸಿನಲ್ಲಿ ಅತ್ತದ್ದೂ ನಿಜ, ಕೆಲವೇ ವಾರಗಳಲ್ಲಿ ಆ ಆಟದ ರುಚಿ ಹತ್ತಿದ್ದೂ ನಿಜ. ಒಬ್ಬರನ್ನು ವಾರವಿಡೀ ಗಮನಿಸಿ, ಎಲ್ಲಿ ಮುಟ್ಟಿದರೆ ನೋಯುತ್ತದೆ ಎಂದು ಹುಡುಕಿ, ಶನಿವಾರ ಸಂಜೆ ತಣ್ಣಗೆ ಆ ಜಾಗವನ್ನೇ ಮುಟ್ಟುವುದರಲ್ಲಿ ನಾನು ಬೇಗ ಪಳಗಿದೆ. ಅಕ್ಕ ಮೆಚ್ಚಿಗೆಯಿಂದ ನೋಡುತ್ತಿದ್ದಳು.

ಮುಂದಿನ ಬೇಸಿಗೆಗೆ ಮದರಾಸಿನಲ್ಲಿ ನೀರಿಲ್ಲದಾಯಿತು. ಹಿಂದಿನ ಮಳೆಗಾಲ ಕೈಕೊಟ್ಟಿತ್ತು, ಕೆರೆಗಳು ಬಿರುಕು ಬಿಟ್ಟಿದ್ದವು. ಬೀದಿಬೀದಿಗಳಲ್ಲಿ ನೀರಿನ ಲಾರಿಗೆ ಕಾಯುವ ಪ್ಲಾಸ್ಟಿಕ್ ಕೊಡಗಳ ಸಾಲು. ತೋಟದ ಬಾವಿಯಲ್ಲಿ ಬಕೆಟ್ಟಿಗೆ ಕೆಸರು ಬರತೊಡಗಿತು. ಹಾಸ್ಟೆಲಿನಲ್ಲೇ ಸ್ನಾನಕ್ಕೆ ರೇಷನ್ ಇರುವಾಗ ಬದನೆ ಗಿಡಕ್ಕೆ ಯಾರು ನೀರು ಕೊಟ್ಟಾರು?

ಈ ಸುದ್ದಿಯನ್ನು ನಾನು ಊಟದ ಹೊತ್ತಿಗೆ ಅಪ್ಪಯ್ಯನ ಕಿವಿಗೆ ಹಾಕಿದೆ. ಅಪ್ಪಯ್ಯ ಕುಂದಾಪುರದ ಕಡೆಯಿಂದ ನಾಲ್ಕನೇ ಕ್ಲಾಸು ಮುಗಿಸಿ ಬಂದು, ಯಾರದೋ ಹೋಟೆಲಿನಲ್ಲಿ ಲೋಟ ತೊಳೆದು, ಆಮೇಲೆ ಸ್ವಂತ ಹೋಟೆಲು ಇಟ್ಟವರು. ಯೂನಿವರ್ಸಿಟಿ ಎಂಬ ಶಬ್ದವನ್ನು ಅವರು ದೇವಸ್ಥಾನದ ಹೆಸರು ಹೇಳುವಷ್ಟು ನಿಧಾನವಾಗಿ ಹೇಳುತ್ತಿದ್ದರು. ಹೋಟೆಲಿಗೆ ಲಾರಿ ನೀರು ಹೇಗೂ ಬರುತ್ತಿತ್ತು. ಅಕ್ಕಿ, ಬೇಳೆ, ತರಕಾರಿ ತೊಳೆದ ನೀರೆಲ್ಲ ಚರಂಡಿಗೆ ಹೋಗುತ್ತದೆ, ಅದನ್ನು ಡ್ರಮ್ಮುಗಳಲ್ಲಿ ತುಂಬಿಸಿಟ್ಟರೆ, ಕೋಯಂಬೇಡಿನಿಂದ ತರಕಾರಿ ತರುವ ಟೆಂಪೋದಲ್ಲೇ ಗಿಂಡಿಗೆ ಕಳಿಸಬಹುದು ಎಂದರು. ಮರುದಿನವೇ ಹಿತ್ತಲಿನಲ್ಲಿ ನೀಲಿ ಡ್ರಮ್ಮುಗಳು ಬಂದು ಕೂತವು.

ಹಿತ್ತಲೆಂದರೆ ಪಾತ್ರೆ ತೊಳೆಯುವ ಜಾಗ. ಅಲ್ಲಿ ಬಹಳ ವರ್ಷಗಳಿಂದ ಒಬ್ಬರೇ ಕ್ಲೀನರ್ ಇದ್ದರು, ಅಪ್ಪಯ್ಯನಿಗಿಂತ ಸ್ವಲ್ಪ ಚಿಕ್ಕವರು, ತಮಿಳರು. ಹೋಟೆಲಿನ ಅಡುಗೆಯವರೆಲ್ಲ ನಮ್ಮ ಊರಿನ ಕಡೆಯವರು, ನಮ್ಮ ಜಾತಿಯವರು. ಈ ಒಬ್ಬರು ಮಾತ್ರ ಬೇರೆ. ಅವರು ಅಡುಗೆಮನೆಯ ಹೊಸಿಲು ದಾಟುತ್ತಿರಲಿಲ್ಲ, ಊಟವನ್ನು ಹಿತ್ತಲಲ್ಲೇ ಮಾಡುತ್ತಿದ್ದರು. ಹುಟ್ಟಿದಾಗಿನಿಂದ ನೋಡುತ್ತಿದ್ದೆನಾದ್ದರಿಂದ ನನಗೆ ಅದರಲ್ಲಿ ಏನೂ ಕಂಡಿರಲಿಲ್ಲ. ಅಪ್ಪಯ್ಯ ಅವರೊಡನೆ ತಮಿಳಿನಲ್ಲಿ ಬೇಕಾದಷ್ಟೇ ಮಾತಾಡುತ್ತಿದ್ದರು.

ತೋಟ ಉಳಿಯಿತು. ಊರೆಲ್ಲ ಒಣಗಿ ನಿಂತಾಗ ನಮ್ಮ ಬೆಂಡೆ ಹೂ ಬಿಟ್ಟಿತು. ಪಕ್ಕದ ಕಾಲೇಜಿನವರು ನೋಡಲು ಬಂದರು. ಸುತ್ತಿನಲ್ಲಿ ಕೂಡ ನನಗೆ ಬೀಳುತ್ತಿದ್ದ ಪೆಟ್ಟು ಹಗುರವಾಯಿತು. ಅಪ್ಪಯ್ಯನಂತೂ ಗಲ್ಲಾಪೆಟ್ಟಿಗೆಯ ಹತ್ತಿರ ಕಾಫಿಗೆ ಬಂದವರಿಗೆಲ್ಲ, ಯೂನಿವರ್ಸಿಟಿ ತೋಟ ನಡೆಯುವುದು ನಮ್ಮ ನೀರಿನಲ್ಲಿ ಎಂದು ಹೇಳುವುದನ್ನು ರೂಢಿ ಮಾಡಿಕೊಂಡರು. ಕೇಳಿದವರಿಗೇ ಎರಡನೇ ಸಲ ಹೇಳುತ್ತಿದ್ದರು. ನನಗೆ ನಾಚಿಕೆಯೂ ಆಗುತ್ತಿತ್ತು, ಹೆಮ್ಮೆಯೂ ಆಗುತ್ತಿತ್ತು.

ಶಾಲೆಯ ಮಕ್ಕಳಿಗೆ ನೀರು ಎಲ್ಲಿಂದ ಎಲ್ಲಿಗೆ ಬರುತ್ತದೆ ಎಂದು ತೋರಿಸಲು ಅಕ್ಕ ಒಂದು ಪಾಠ ಸಿದ್ಧಮಾಡುತ್ತಿದ್ದಳು. ಅದಕ್ಕಾಗಿ ಒಂದು ಬೆಳಿಗ್ಗೆ ಇನ್ನಿಬ್ಬರನ್ನು ಕರೆದುಕೊಂಡು ನಮ್ಮ ಹೋಟೆಲಿಗೆ ಬಂದಳು. ಅಪ್ಪಯ್ಯ ಮೂವರಿಗೂ ಗೋಳಿಬಜೆ ಕೊಡಿಸಿ, ತಾವೇ ಹಿತ್ತಲಿಗೆ ಕರೆದುಕೊಂಡು ಹೋದರು. ಟೆಂಪೋ ಹೊರಡಲು ಕಾಯುತ್ತಿತ್ತು. ಒಂದು ಡ್ರಮ್ಮು ಸ್ವಲ್ಪ ಖಾಲಿ ಇದ್ದದ್ದನ್ನು ಕಂಡು ಕ್ಲೀನರ್ ಪಕ್ಕದ ಬಕೆಟ್ಟಿನಿಂದ ಅಕ್ಕಿ ತೊಳೆದ ನೀರನ್ನು ಅದಕ್ಕೆ ಸುರಿಯಲು ಮುಚ್ಚಳ ತೆಗೆದರು, ಒಳಗೆ ಬಿದ್ದಿದ್ದ ಬೇವಿನ ಎಲೆಯೊಂದನ್ನು ಕೈಯದ್ದಿ ತೆಗೆದರು.

"ತೊಡಾದೇ!" ಎಂದು ಅಪ್ಪಯ್ಯ ಕೂಗಿದರು. ಮುಟ್ಟಬೇಡ ಎಂದು. ಅಷ್ಟು ಜೋರಾಗಿ ಅವರು ಕೂಗಿದ್ದನ್ನು ನಾನು ಕೇಳಿರಲಿಲ್ಲ. ಆಮೇಲೆ ಆ ಡ್ರಮ್ಮನ್ನು ತಾವೇ ಓರೆ ಮಾಡಿ, ಅದರಲ್ಲಿದ್ದ ನೀರನ್ನೆಲ್ಲ ಚರಂಡಿಗೆ ಚೆಲ್ಲಿಬಿಟ್ಟರು. ಹೊರಗೆ ಬೀದಿಯಲ್ಲಿ ಹೆಂಗಸರು ಕೊಡ ಹಿಡಿದು ಲಾರಿಗೆ ಕಾಯುತ್ತಿದ್ದರು. ಕ್ಲೀನರ್ ತಮ್ಮ ಪಾತ್ರೆಗಳ ಕಡೆಗೆ ತಿರುಗಿದರು.

ಅಕ್ಕ ನನ್ನ ಮುಖ ನೋಡಿದಳು. ನಾನು ಒಂದು ಉಸಿರೂ ಬಿಡದೆ ಹೇಳಿದೆ, ಪಾತ್ರೆ ತೊಳೆಯುವವರ ಕೈಯಲ್ಲಿ ಸೋಪಿನ ಪುಡಿ ಇರುತ್ತದೆ, ಸೋಪು ಬೆರೆತರೆ ಗಿಡದ ಬೇರು ಸುಡುತ್ತದೆ, ಅದಕ್ಕೇ ಅಪ್ಪಯ್ಯ ಅಷ್ಟು ಎಚ್ಚರ ಎಂದು. ಹೇಳುತ್ತಾ ಹೇಳುತ್ತಾ ನನಗೇ ಅದು ಸರಿ ಎನಿಸಿತು. ಅಪ್ಪಯ್ಯ ಇಂಗ್ಲಿಷ್ ಅರ್ಥವಾಗದೆ ಎಲ್ಲರನ್ನೂ ನೋಡಿ ತಲೆಯಾಡಿಸಿದರು. ಅಕ್ಕ ಗೋಳಿಬಜೆ ಚೆನ್ನಾಗಿತ್ತು ಎಂದು ಹೇಳಿ ಹೋದಳು.

ಕೊಯ್ಲಿನ ಶನಿವಾರ ತೋಟದಲ್ಲಿ ಊಟವೆಂದು ನಿಶ್ಚಯವಾಗಿತ್ತು. ನಮ್ಮದೇ ಬದನೆ, ನಮ್ಮದೇ ಬೆಂಡೆ, ಅಡುಗೆ ಅಪ್ಪಯ್ಯನದು. ಹಿಂದಿನ ದಿನವೇ ತರಕಾರಿ ತರಿಸಿಕೊಂಡು, ಅಡುಗೆಯವರನ್ನು ಯಾರನ್ನೂ ಹತ್ತಿರ ಬಿಡದೆ, ತಾವೇ ಕಾಯಿ ರುಬ್ಬಿ ಬದನೆಯ ಹುಳಿ, ಬೆಂಡೆ ಪಲ್ಯ, ಅನ್ನ, ಪಾಯಸ ಮಾಡಿದರು. ಇಸ್ತ್ರಿ ಮಾಡಿದ ಪಂಚೆ ಉಟ್ಟು, ಪಾತ್ರೆ ಮತ್ತು ಬಾಳೆಯೆಲೆಯ ಕಟ್ಟಿನ ಜೊತೆ ಆಟೋದಲ್ಲಿ ಬಂದಿಳಿದರು. ಮುಳ್ಳುಬೇಲಿಯ ಹೊರಗೆ ಚಪ್ಪಲಿ ಬಿಟ್ಟು ಒಳಗೆ ಬಂದರು. ಶನಿವಾರವಾದ್ದರಿಂದ ಊಟಕ್ಕೆ ಮೊದಲು ಸುತ್ತು ಆಗಬೇಕೆಂದು ಅಕ್ಕ ಹೇಳಿದಳು. ಅಪ್ಪಯ್ಯನನ್ನೂ ವೃತ್ತದಲ್ಲಿ ಕೂರಿಸಿದರು. ಮರ್ಯಾದೆ ಕೊಡುತ್ತಿದ್ದಾರೆ ಎಂದುಕೊಂಡು ಅವರು ಚಕ್ಕಳಮಕ್ಕಳ ಹಾಕಿ ನೆಟ್ಟಗೆ ಕೂತರು.

ಅಕ್ಕನ ಸರದಿ ಬಂದಾಗ ಅವಳು ಅಪ್ಪಯ್ಯನ ಕಡೆ ತಿರುಗಿದಳು. ಸುತ್ತಿನ ಮಾತೆಲ್ಲ ಇಂಗ್ಲಿಷಿನಲ್ಲಿ. ಹಿತ್ತಲಲ್ಲಿ ಕಂಡದ್ದನ್ನು ಒಂದಕ್ಷರ ಹೆಚ್ಚಿಸದೆ, ಒಂದಕ್ಷರ ಕಡಿಮೆ ಮಾಡದೆ ಹೇಳಿದಳು. ಆ ಮನುಷ್ಯನ ಕೈ ಬಿದ್ದ ನೀರನ್ನು ಇವರು ಬರಗಾಲದಲ್ಲಿ ಚರಂಡಿಗೆ ಚೆಲ್ಲಿದರು, ಇಷ್ಟು ದಿನ ಆ ಮಡಿಯ ನೀರಿನಲ್ಲಿ ನಾವು ತರಕಾರಿ ಬೆಳೆದಿದ್ದೇವೆ ಎಂದಳು. ಎಲ್ಲರೂ ಅಪ್ಪಯ್ಯನನ್ನು ನೋಡಿದರು. ಅಪ್ಪಯ್ಯ ನನ್ನ ಕಡೆ ಬಾಗಿದರು.

"ಎಂತ ಹೇಳಿದ್ದು ಮಗಾ ಅವ್ರು?"

"ನೀರು ಕೊಟ್ಟದ್ದಕ್ಕೆ ಉಪಕಾರ ಹೇಳ್ತಿದ್ದಾರೆ ಅಪ್ಪಯ್ಯ" ಎಂದೆ.

ಅಪ್ಪಯ್ಯನ ಮುಖ ಅರಳಿತು. ಎರಡೂ ಕೈ ಜೋಡಿಸಿ, ಸುತ್ತಲೂ ಎಲ್ಲರಿಗೂ ಕಾಣುವ ಹಾಗೆ ತಿರುಗಿ, "ನಂದ್ರಿ, ನಂದ್ರಿ" ಎಂದರು. ಯಾರೋ ಕಿಸಕ್ಕನೆ ನಕ್ಕರು. ನಾನು ಏನು ಅನುವಾದ ಮಾಡಿದೆನೆಂದು ಅಕ್ಕನಿಗೆ ಕನ್ನಡ ಬಾರದಿದ್ದರೂ ಗೊತ್ತಾಯಿತು. ಅವಳು ಮತ್ತೆ ಮೊದಲಿನಿಂದ, ಈ ಸಲ ತಮಿಳಿನಲ್ಲಿ, ಸಾರ್ ಎಂದು ಗೌರವ ಕೊಟ್ಟು, ಬಿಡಿಸಿ ಬಿಡಿಸಿ ಹೇಳಿದಳು. ಕೊನೆಗೆ ಅದರ ಹೆಸರೂ ಹೇಳಿದಳು, ತೀಂಡಾಮೈ ಎಂದು. ಅಸ್ಪೃಶ್ಯತೆ. ತಮಿಳುನಾಡಿನ ಶಾಲಾಪುಸ್ತಕಗಳಲ್ಲಿ ಪಾಠಕ್ಕಿಂತ ಮೊದಲೇ ಅದು ಪಾಪವೆಂದು ಅಚ್ಚಾಗಿರುತ್ತದೆ. ನನ್ನ ಪುಸ್ತಕಗಳಿಗೆ ರಟ್ಟು ಹಾಕಿಕೊಡುವಾಗ ಅಪ್ಪಯ್ಯನೂ ಅದನ್ನು ನೋಡಿದ್ದವರೇ. ಅವರ ಜೋಡಿಸಿದ ಕೈ ನಿಧಾನವಾಗಿ ಮಡಿಲಿಗೆ ಇಳಿಯಿತು.

ನನ್ನ ಸರದಿ ಬಂತು. ಅಕ್ಕನ ಮನೆಗೆ ನಾನು ಒಮ್ಮೆ ಹೋಗಿದ್ದೆ. ಅವರ ಅಡುಗೆಮನೆಯ ಕಿಟಕಿಯ ಹೊರಗೆ, ಕೆಲಸದಾಕೆಗೆಂದೇ ಒಂದು ನೆಗ್ಗಿದ ಲೋಟ ಕವುಚಿ ಇಟ್ಟಿದ್ದರು. ಅದಕ್ಕೆ ಮೇಲಿನಿಂದ ಕಾಫಿ ಹೊಯ್ಯುವುದನ್ನು ನಾನು ಕಣ್ಣಾರೆ ಕಂಡಿದ್ದೆ. ಅದನ್ನೇ ಹೇಳಿದೆ. ವರ್ಷವಿಡೀ ಕಲಿತ ವಿದ್ಯೆಯನ್ನೆಲ್ಲ ಒಟ್ಟುಮಾಡಿ ಎಸೆದಿದ್ದೆ.

"ನಂದ್ರಿ" ಎಂದಳು ಅಕ್ಕ. ಅಷ್ಟೇ. ಅಲ್ಲಿಗೆ ಅದು ಮುಗಿಯಿತು.

ಆಮೇಲೆ ಯಾರೋ ಒಬ್ಬರು, ಆ ಕೈಯ ಅಡುಗೆಯನ್ನು ನಾವು ಉಣ್ಣಬಹುದೇ ಎಂದು ಕೇಳಿದರು. ಬೇಡವೆನ್ನುವವರ ಕೈ ಎತ್ತಿಸಿದರು. ಹಸಿದಿದ್ದ ಕೆಲವರು ಎಲೆಯ ಕಟ್ಟನ್ನೇ ನೋಡುತ್ತಾ ತಡವಾಗಿ ಎತ್ತಿದರು, ಆದರೆ ಎತ್ತಿದರು. ಬೇಡವೆಂದು ತೀರ್ಮಾನವಾಯಿತು. ತೋಟದಿಂದ ಬಂದದ್ದು ತೋಟಕ್ಕೇ ಹೋಗಲಿ ಎಂದು ಇಬ್ಬರು ಹುಡುಗರು ಹುಳಿಯ ಪಾತ್ರೆಯನ್ನು ಎತ್ತಿ ಗೊಬ್ಬರದ ಗುಂಡಿಗೆ ಸುರಿದರು. ಅನ್ನ ಸುರಿದರು, ಪಾಯಸ ಸುರಿದರು. ಅಪ್ಪಯ್ಯ ಎದ್ದು ನಿಂತು ನೋಡುತ್ತಿದ್ದರು. ಎಲ್ಲ ಮುಗಿದ ಮೇಲೆ ಆ ಹುಡುಗರಿಗೆ ತಮಿಳಿನಲ್ಲಿ, ಪಾತ್ರೆ ಹೋಟೆಲಿನದು, ವಾಪಸು ಬೇಕು ಎಂದರು.

ಆಟೋದಲ್ಲಿ ಖಾಲಿ ಪಾತ್ರೆಗಳನ್ನು ಕಾಲಿನ ಮಧ್ಯೆ ಹಿಡಿದುಕೊಂಡು ಕೂತಿದ್ದರು. ನಾನು ಮಾತಿಗೆ ಮೊದಲಾದರೆ ಆಚೆ ತಿರುಗುತ್ತಿದ್ದರು. ಸೇತುವೆ ದಾಟುವಾಗ ಒಮ್ಮೆ, "ಹುಳಿಗೆ ಬೆಲ್ಲ ಸ್ವಲ್ಪ ಹೆಚ್ಚಾಗಿತ್ತು ಅಂತ ಕಾಣ್ತದೆ" ಎಂದರು. ಮೈಯೆಲ್ಲ ಉರಿಯಿತು ನನಗೆ. ಸೋಪಿನ ಮಾತನ್ನು ಅಷ್ಟು ಸ್ಪಷ್ಟವಾಗಿ ಹೇಳಿದ್ದೆ, ಆದರೂ ಒಬ್ಬ ಮುದುಕನನ್ನು ಕರೆದು ಕೂರಿಸಿ ಸುಳ್ಳು ಹೊರಿಸಿದರಲ್ಲ ಎಂದು. ಸೋಮವಾರ ಬೆಳಿಗ್ಗೆ ನೋಡಿದರೆ ಅಪ್ಪಯ್ಯ ಎಂದಿನಂತೆ ಡ್ರಮ್ಮು ತುಂಬಿಸಿ ಟೆಂಪೋ ಹತ್ತಿಸುತ್ತಿದ್ದರು. ಗಲ್ಲಾಪೆಟ್ಟಿಗೆಯ ಹತ್ತಿರ ಮಾತ್ರ ತೋಟದ ಸುದ್ದಿ ಎತ್ತಲಿಲ್ಲ.

ಮುಂದಿನ ಶನಿವಾರ ನಾನು ಸುತ್ತಿಗೆ ಹೋದೆ. ಬರುವುದಿಲ್ಲವೆಂದು ಎಲ್ಲರೂ ಅಂದುಕೊಂಡಿದ್ದರು. ನನ್ನ ಸರದಿಯಲ್ಲಿ ಬಹಳ ವಿನಯದಿಂದ ಹೇಳಿದೆ, ಕಳೆದ ವಾರ ನಾವು ತೆಗೆದುಕೊಂಡ ತೀರ್ಮಾನ ಸರಿಯಾದದ್ದು, ಆದರೆ ಅರ್ಧಕ್ಕೇ ನಿಂತಿದೆ ಎಂದು. ಆ ಕೈಯ ಅನ್ನ ಬೇಡವಾದರೆ ಆ ಕೈಯ ನೀರು ಹೇಗೆ ಬೇಕಾಗುತ್ತದೆ, ಅಕ್ಕನೇ ಅದನ್ನು ಮಡಿಯ ನೀರು ಎಂದಿದ್ದಾಳೆ, ನೀರನ್ನೂ ನಿಲ್ಲಿಸಬೇಕು, ಕೈ ಎತ್ತಿ ಎಂದೆ.

ಎಲ್ಲರ ಕಣ್ಣೂ ಬೆಂಡೆಯ ಸಾಲಿನ ಮೇಲಿತ್ತು. ಬೇಡವೆನ್ನಲು ಯಾರಿಗೂ ದಾರಿ ಇರಲಿಲ್ಲ. ದಾರಿಯನ್ನೆಲ್ಲ ಅವರೇ ಮುಚ್ಚಿಕೊಂಡಿದ್ದರು. ಮೊದಲು ಅಕ್ಕನೇ ಕೈ ಎತ್ತಿದಳು, ಅವಳ ತುಟಿ ಬಿಳಿಚಿತ್ತು. ಆಮೇಲೆ ಒಬ್ಬೊಬ್ಬರಾಗಿ ಉಳಿದವರು. ನಾನು ನಂದ್ರಿ ಎಂದೆ.

ಆಮೇಲೆ ನಾನು ದಿನವೂ ಹೋಗಿ ನೋಡುತ್ತಿದ್ದೆ. ಮೊದಲು ಹರಿವೆ ಮಲಗಿತು. ಬದನೆಯ ಎಲೆಗಳು ಜೋತುಬಿದ್ದು ಹಳದಿಯಾದವು. ಬೆಂಡೆ ಬಹಳ ಹಟ ಮಾಡಿತು, ಹೂವನ್ನೆಲ್ಲ ಉದುರಿಸಿ ತುದಿಯ ಎರಡು ಎಲೆಗಳನ್ನು ಮಾತ್ರ ಉಳಿಸಿಕೊಂಡಿತು. ಬೇಲಿ ರಿಪೇರಿ ಮಾಡುವವರಿಲ್ಲದೆ ಜಿಂಕೆಗಳು ನುಗ್ಗಿ ಅದನ್ನೂ ಮುಗಿಸಿದವು. ಸಸ್ಯಶಾಸ್ತ್ರದ ಯಾವ ಪ್ರಾಕ್ಟಿಕಲ್ಲನ್ನೂ ನಾನು ಅಷ್ಟು ಗಮನವಿಟ್ಟು ನೋಡಿದವಳಲ್ಲ. ಶಾಲೆಯ ಬಸ್ಸು ಬರುವುದು ನಿಂತಿತು. ಅಕ್ಕ ಒಂದು ಸಂಜೆ ಒಣಗಿದ ಸಾಲಿನ ಮಧ್ಯೆ ಕೂತು ಅಳುತ್ತಿದ್ದಳು. ನಾನು ಮರದ ನೆರಳಲ್ಲಿ ನಿಂತು ಅವಳು ಪೂರ್ತಿ ಅತ್ತು ಮುಗಿಸುವವರೆಗೆ ನೋಡಿ ಬಸ್ಸು ಹಿಡಿದೆ. ಎಷ್ಟೋ ದಿನಗಳ ಮೇಲೆ ಅವತ್ತು ಹೊಟ್ಟೆ ತುಂಬ ಉಂಡೆ.

ಅಪ್ಪಯ್ಯನಿಗೆ, ಕಾಲೇಜಿನಲ್ಲಿ ಬೋರ್‌ವೆಲ್ ಹಾಕಿಸಿದರು, ನೀರು ಬೇಡವಂತೆ ಎಂದಷ್ಟೇ ಹೇಳಿದ್ದೆ. ತೋಟ ಪೂರ್ತಿ ಹೋದ ಮೇಲೆ ಸತ್ಯ ಹೇಳಬೇಕೆನಿಸಿತು. ಅವರಿಗಾಗಿ ನಾನು ಏನು ಮಾಡಿದೆ ಎಂದು ಅವರಿಗೆ ಗೊತ್ತಾಗಬೇಕಿತ್ತು. ಒಂದು ಮಧ್ಯಾಹ್ನ ಊಟದ ಗಿರಾಕಿಗಳು ಖಾಲಿಯಾದ ಹೊತ್ತಿಗೆ ಹಿತ್ತಲಿಗೆ ಹೋದೆ. ಅಪ್ಪಯ್ಯ ಸ್ಟೂಲಿನ ಮೇಲೆ ಕೂತು ಕರಿಬೇವು ಬಿಡಿಸುತ್ತಿದ್ದರು. ಕ್ಲೀನರ್ ನಲ್ಲಿಯ ಹತ್ತಿರ ಕುಕ್ಕರಗಾಲಲ್ಲಿ ಕೂತು ದೊಡ್ಡ ಕೊಪ್ಪರಿಗೆ ಉಜ್ಜುತ್ತಿದ್ದರು. ನಾನು ಕೈ ಎತ್ತಿಸಿದ್ದರಿಂದ ಹಿಡಿದು ಜಿಂಕೆಯವರೆಗೆ ಎಲ್ಲವನ್ನೂ ಹೇಳಿದೆ. ಸೋಪು ಬಿದ್ದರೆ ಗಿಡ ಸಾಯುತ್ತದೆ ಎಂಬ ಸಣ್ಣ ವಿಷಯ ಆ ಕಲಿತ ದಡ್ಡರಿಗೆ ತಲೆಗೆ ಹೋಗಲಿಲ್ಲವಲ್ಲ, ನಿಮ್ಮ ಮೇಲೆ ಅಂಥ ಮಾತು ಹೊರಿಸಿದರಲ್ಲ ಎಂದೆ.

ಅಪ್ಪಯ್ಯ ಕರಿಬೇವಿನ ಕಡ್ಡಿಯನ್ನು ಪಕ್ಕಕ್ಕೆ ಹಾಕಿದರು.

"ಸೋಪು ಅಂತ ನಾನೆಲ್ಲಿ ಹೇಳಿದೆ?" ಎಂದರು. "ಅದು ನೀನು ಹೇಳಿದ್ದು. ಅವನು ಕೈಯದ್ದಿದ ನೀರಲ್ಲವಾ ಅದು. ಅದ್ರಲ್ಲಿ ಬೆಳೆದದ್ದನ್ನು ನಾಳೆ ನನ್ನ ಮಗಳು ಉಣ್ಬೇಕು. ಹೇಗೆ ಕಳಿಸುದು?"

ದನಿ ತಗ್ಗಿಸುವ ಅಗತ್ಯ ಅವರಿಗೆ ಕಂಡಿರಲಿಲ್ಲ, ಕನ್ನಡದಲ್ಲಿ ಮಾತಾಡುತ್ತಿದ್ದೆವಲ್ಲ. ಮತ್ತೊಂದು ಕಡ್ಡಿ ಎತ್ತಿಕೊಂಡು ಎಲೆ ಬಿಡಿಸತೊಡಗಿದರು. ನಾನು ಅವರ ಮುಖವನ್ನೇ ನೋಡುತ್ತಾ ನಿಂತೆ. ಅದು ನನ್ನನ್ನು ಎತ್ತಿ ಆಡಿಸಿದ, ನನ್ನ ಪುಸ್ತಕಗಳಿಗೆ ರಟ್ಟು ಹಾಕಿಕೊಟ್ಟ ಮುಖವೇ ಆಗಿತ್ತು. ಬೇರೆ ಯಾವ ಮುಖವೂ ಅದರ ಹಿಂದೆ ಅಡಗಿರಲಿಲ್ಲ. ಅಕ್ಕ ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಎಂಥ ಮನಸ್ಸಿನಿಂದಲೇ ಹೇಳಿರಲಿ, ಹೇಳಿದ್ದೆಲ್ಲ ನಿಜ.

ಕ್ಲೀನರ್ ಉಜ್ಜುವುದನ್ನು ನಿಲ್ಲಿಸಿರಲಿಲ್ಲ. ಕೊಪ್ಪರಿಗೆಯನ್ನು ಓರೆ ಮಾಡಿ ನಲ್ಲಿಯ ಕೆಳಗೆ ಎಳೆದುಕೊಂಡರು. ನಾನು ಅಡ್ಡ ನಿಂತಿದ್ದೆ. ಅವರು ತಲೆಯೆತ್ತಿ, ನಾವು ಮನೆಯಲ್ಲಿ ಆಡುವ ಅದೇ ಕನ್ನಡದಲ್ಲಿ, ತಮಿಳಿನ ಸೋಂಕೂ ಇಲ್ಲದೆ, "ಸ್ವಲ್ಪ ಆಚೆ ನಿಂತ್ಕೊಳ್ಳಿ ಅಮ್ಮ, ನೀರು ಹಾರ್ತದೆ" ಎಂದರು.

ಅಪ್ಪಯ್ಯನ ಕೈ ಕರಿಬೇವಿನ ಮೇಲೆ ನಿಂತಿತು. ನಾನು ಆಚೆ ಸರಿದೆ.